ಜೇಬಿನಲ್ಲಿ ಮಡಚಿಟ್ಟ ಕತ್ತಲೆ ಕೋಣೆ

ಜರ್ಮನಿಯ ಡ್ರೆಸ್ಡೆನ್ ನಗರದ ನಡುವೆ ಎಲ್ಬೆ ನದಿ ಹರಿಯುತ್ತದೆ. ಅದಕ್ಕೆ ಅಡ್ಡಲಾಗಿ ಕಟ್ಟಿರುವ ಆಲ್ಬರ್ಟ್ ಸೇತುವೆಯ ಬುಡದಲ್ಲಿ, ನದಿಯ ದಂಡೆಯ ಮೇಲೆ, ಶನಿವಾರ ಬೆಳಗಾದರೆ ಹಳೆಯ ಸಾಮಾನುಗಳ ಸಂತೆ ಸೇರುತ್ತದೆ. ಪಿಂಗಾಣಿ ತಟ್ಟೆ, ಹಿತ್ತಾಳೆಯ ದೀಪ, ಪೂರ್ವ ಜರ್ಮನಿಯ ಕಾಲದ ಬೊಂಬೆಗಳು, ಯಾರದೋ ಅಜ್ಜಿಯ ಹೊಲಿಗೆ ಯಂತ್ರ. ಇವುಗಳ ಜೊತೆಗೆ ಕ್ಯಾಮೆರಾಗಳು. ನಮ್ಮ ಮೈಸೂರಿನ ಮಾರುಕಟ್ಟೆಯಲ್ಲಿ ವೀಳ್ಯದೆಲೆ ಎಷ್ಟು ಸಹಜವೋ ಇಲ್ಲಿನ ಸಂತೆಯಲ್ಲಿ ಕ್ಯಾಮೆರಾ ಅಷ್ಟೇ ಸಹಜ. ಆಶ್ಚರ್ಯವೇನಿಲ್ಲ, ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಕ್ಯಾಮೆರಾ ತಯಾರಿಕೆಯ ದೊಡ್ಡ ಕೇಂದ್ರಗಳಲ್ಲಿ ಡ್ರೆಸ್ಡೆನ್ ಒಂದಾಗಿತ್ತು.

ಮಗಳು ಅಲ್ಲಿ ಓದುತ್ತಿರುವುದರಿಂದ ನನಗೆ ಈ ಊರು ನೋಡುವ ಅವಕಾಶ ಸಿಕ್ಕಿತು. ಒಬ್ಬ ಮುದುಕಪ್ಪನ ಮೇಜಿನ ಮೇಲೆ ಕಪ್ಪು ಚರ್ಮ ಹೊದಿಸಿದ ಎರಡು ಪೆಟ್ಟಿಗೆಗಳಿದ್ದವು. ಎರಡು ಜಾಮಿಟ್ರಿ ಬಾಕ್ಸುಗಳನ್ನು ಒಂದರ ಮೇಲೊಂದು ಇಟ್ಟರೆ ಎಷ್ಟಾಗುತ್ತದೋ ಹೆಚ್ಚುಕಡಿಮೆ ಅಷ್ಟು. ಅಕ್ಕತಂಗಿಯರಂತೆ ಒಂದೇ ಹೋಲಿಕೆ. ಆದರೆ ಒಂದರ ಚರ್ಮದ ಮೇಲೆ ‘ಇಕೋಂಟಾ’ ಎಂಬ ಹೆಸರಿತ್ತು, ಇನ್ನೊಂದರ ಹೆಸರು ‘ಎರ್ಕೋನಾ’. ಇಕೋಂಟಾವನ್ನು ಕೈಗೆತ್ತಿಕೊಂಡು ಅದರ ಗುಂಡಿ ಒತ್ತಲು ಹೋದೆ. ಮುದುಕಪ್ಪ ತಟ್ಟನೆ ನನ್ನ ಕೈಹಿಡಿದು “ಲಾಂಗ್‌ಸಾಮ್, ಲಾಂಗ್‌ಸಾಮ್” ಎಂದ. “ನಿಧಾನ ಅಂತಿದಾರೆ ಅಪ್ಪಾ” ಎಂದಳು ಮಗಳು. ಗುಂಡಿಯನ್ನು ಅವನೇ ಒತ್ತಿ, ಮುಂಬಾಗಿಲು ರಪ್ಪನೆ ಬೀಳದಂತೆ ಇನ್ನೊಂದು ಕೈಯನ್ನು ಅಡ್ಡ ಹಿಡಿದು, ಹಸುಗೂಸನ್ನು ಮಲಗಿಸುವವನಂತೆ ಅದನ್ನು ಇಳಿಸಿದ. ಪೆಟ್ಟಿಗೆಯೊಳಗಿನಿಂದ ಮಸೂರವೊಂದು ಕಪ್ಪು ತಿದಿಯನ್ನು ಎಳೆದುಕೊಂಡು ಹೊರಬಂದು ‘ಟಕ್’ ಎಂದು ನಿಂತಿತು. ಕುಲುಮೆಯ ತಿದಿ, ಹಾರ್ಮೋನಿಯಂ ತಿದಿ ನೋಡಿದವರಿಗೆ ಇದರ ಮಡಿಕೆಗಳು ಅಪರಿಚಿತವಲ್ಲ.

ಆ ‘ನಿಧಾನ’ದ ಹಿಂದೆ ಒಳ್ಳೆಯ ವಿಜ್ಞಾನವಿದೆ. ಮಡಚಿದ ತಿದಿಯೊಳಗೆ ಗಾಳಿ ಇರುವುದಿಲ್ಲವೆಂದೇ ಹೇಳಬಹುದು. ಬಿಡಿಸಿದಾಗ ಅದಕ್ಕೆ ಒಂದು ಲೋಟದಷ್ಟು ಗಾಳಿ ಬೇಕು. ರಪ್ಪನೆ ಬಿಡಿಸಿದರೆ ಅಷ್ಟು ಗಾಳಿ ಸಂದುಗಳಿಂದ ನುಗ್ಗಿ ಬರಲು ಸಮಯ ಸಾಲದು. ಒಳಗೆ ಕ್ಷಣಕಾಲ ಒತ್ತಡ ಕುಸಿಯುತ್ತದೆ, ಹೊರಗಿನ ಗಾಳಿಯ ಒತ್ತಡಕ್ಕೆ ಹಿಂದಿರುವ ಫಿಲಂ ಮುಂದಕ್ಕೆ ಉಬ್ಬುತ್ತದೆ. ಫಿಲಂ ಒಂದು ಮಿಲಿಮೀಟರಿನ ಒಂದು ಭಾಗದಷ್ಟು ಉಬ್ಬಿದರೂ ಚಿತ್ರದ ಆ ಜಾಗ ಮಸುಕು. ಹೀಗಾಗಿ ಬಲ್ಲವರು ಈ ಕ್ಯಾಮೆರಾವನ್ನು ನಿಧಾನವಾಗಿ ತೆರೆಯುತ್ತಾರೆ, ತೆರೆದ ಮೇಲಷ್ಟೇ ಫಿಲಂ ಸುತ್ತುತ್ತಾರೆ. ಸುತ್ತುವಾಗಿನ ಎಳೆತಕ್ಕೆ ಫಿಲಂ ಮತ್ತೆ ಬಿಗಿಯಾಗಿ ಸಮತಟ್ಟಾಗುತ್ತದೆ.

ನಾನು ಇಕೋಂಟಾವನ್ನೇ ಕೊಂಡೆ. 1930ರ ದಶಕದ್ದು, ಜೈಸ್ ಇಕಾನ್ ಕಂಪನಿಯದು.

ಇಂಥ ಕ್ಯಾಮೆರಾವನ್ನು ಮಡಚುವಂತೆ ಏಕೆ ಮಾಡಿದರು? ಜೇಬಿಗೆ ಹಿಡಿಸಲಿ ಎಂದು, ಅಷ್ಟೇ. ಆದರೆ ಆ ಕೆಲಸ ಕೇಳಿದಷ್ಟು ಸುಲಭವಲ್ಲ. ಈ ಕ್ಯಾಮೆರಾದ ನೆಗೆಟಿವ್ ಅಳತೆ ಸುಮಾರು 6 ಸೆಂ.ಮೀ. ಅಗಲ, 9 ಸೆಂ.ಮೀ. ಉದ್ದ. ಅದರ ಕರ್ಣ ಹತ್ತು ಸೆಂಟಿಮೀಟರಿಗೆ ತುಸು ಹೆಚ್ಚು. ನಮ್ಮ ಕಣ್ಣಿಗೆ ಸಹಜವೆನಿಸುವ ನೋಟ ಬೇಕಾದರೆ ಮಸೂರದ ಸಂಗಮದೂರ ಆ ಕರ್ಣದಷ್ಟೇ ಇರಬೇಕು. ಆದ್ದರಿಂದ ಇದರ ಮಸೂರದ ಮೇಲೆ ‘10.5 ಸೆಂ.ಮೀ.’ ಎಂದು ಕೆತ್ತಿದ್ದಾರೆ. ಎಂದರೆ ಮಸೂರಕ್ಕೂ ಫಿಲಂಗೂ ನಡುವೆ 105 ಮಿಲಿಮೀಟರ್ ಬರಿಯ ಕತ್ತಲೆ ಇರಲೇಬೇಕು. ಪೆಟ್ಟಿಗೆಯಂಥ ಕ್ಯಾಮೆರಾ ಮಾಡಿದರೆ ಈ ಬರಿಯ ಜಾಗವನ್ನೇ ಹೊತ್ತು ತಿರುಗಬೇಕಾಗುತ್ತದೆ. ಬರಿಯ ಜಾಗವನ್ನು ಮಡಚಿಬಿಡೋಣ, ಬೇಕಾದಾಗ ಬಿಡಿಸೋಣ ಎಂಬುದೇ ಈ ವಿನ್ಯಾಸದ ಮೂಲ ಯೋಚನೆ.

ನೆಗೆಟಿವ್ ಇಷ್ಟು ದೊಡ್ಡದೇಕೆ ಎಂದೂ ಕೇಳಬಹುದು. ಅಂದಿನ ಕಾಲಕ್ಕೆ ಚಿತ್ರವನ್ನು ಹಿಗ್ಗಿಸಿ ಮುದ್ರಿಸುವ ಯಂತ್ರ ಎಲ್ಲರ ಬಳಿಯೂ ಇರುತ್ತಿರಲಿಲ್ಲ. ನೆಗೆಟಿವನ್ನು ಕಾಗದದ ಮೇಲೆ ಒತ್ತಿಟ್ಟು ಬೆಳಕು ಬಿಟ್ಟರೆ ಅದೇ ಅಳತೆಯ ಫೋಟೊ ಸಿಗುತ್ತಿತ್ತು. ಅಜ್ಜನ ಮನೆಯ ಆಲ್ಬಮ್ಮಿನಲ್ಲಿ ಬಿಳಿ ಅಂಚಿನ, ಅಂಗೈಯಗಲದ ಕಪ್ಪು ಬಿಳುಪು ಫೋಟೊಗಳಿದ್ದರೆ ಅಳೆದು ನೋಡಿ, ಎಷ್ಟೋ ಚಿತ್ರಗಳು ಹೀಗೆ ಒತ್ತಿ ತೆಗೆದವೇ ಆಗಿರುತ್ತವೆ. ಮುಂದೆ ಬಂದ 35 ಮಿ.ಮೀ. ಫಿಲಂಗೆ ಹೋಲಿಸಿದರೆ ಈ ನೆಗೆಟಿವಿನ ವಿಸ್ತೀರ್ಣ ಐದು ಪಟ್ಟಿಗೂ ಹೆಚ್ಚು.

ಮಡಚುವುದು ಸುಲಭ, ಕಷ್ಟವಿರುವುದು ಬಿಡಿಸುವುದರಲ್ಲಿ. ಪ್ರತಿಸಲ ತೆರೆದಾಗಲೂ ಮಸೂರ ಅದೇ 105 ಮಿಲಿಮೀಟರಿಗೆ ಬಂದು ನಿಲ್ಲಬೇಕು. ಜೊತೆಗೆ ಫಿಲಂಗೆ ಸಮಾಂತರವಾಗಿಯೂ ಇರಬೇಕು. ಸ್ವಲ್ಪ ವಾಲಿದರೆ ಫೋಟೊದಲ್ಲಿ ಎಡಗಡೆ ನಿಂತ ಮಾವ ಸ್ಪಷ್ಟ, ಬಲಗಡೆ ನಿಂತ ಅತ್ತೆ ಮಸುಕು! ಹಿಂದಿನ ಕ್ಯಾಮೆರಾಗಳಲ್ಲಿ ಬಾಗಿಲು ತೆರೆದು, ಮಸೂರದ ಚೌಕಟ್ಟನ್ನು ಬೆರಳಲ್ಲಿ ಹಿಡಿದು ಹಳಿಯ ಮೇಲೆ ಎಳೆದು ನಿಲ್ಲಿಸಬೇಕಿತ್ತು. ಇಕೋಂಟಾದಲ್ಲಿ ಬಾಗಿಲ ಎರಡು ಬದಿಗೂ ಉಕ್ಕಿನ ತೋಳುಗಳಿವೆ. ಬಾಗಿಲು ಇಳಿಯುತ್ತಿದ್ದಂತೆ ಅವೇ ಚೌಕಟ್ಟನ್ನು ಮುಂದಕ್ಕೆ ತಂದು ನೆಟ್ಟಗೆ ನಿಲ್ಲಿಸಿ ಬೀಗ ಹಾಕಿಕೊಳ್ಳುತ್ತವೆ. ಎಂಬತ್ತು ವರ್ಷಕ್ಕೂ ಹಳೆಯದಾದ ಈ ತೋಳುಗಳನ್ನು ಬೆರಳಲ್ಲಿ ಅಲುಗಿಸಿ ನೋಡಿದೆ. ಕದಲಲಿಲ್ಲ. ಇಂದಿನ ಎಷ್ಟೋ ಮಡಚುವ ಕೊಡೆಗಳು ಒಂದು ಮಳೆಗಾಲ ಬಾಳುವುದಿಲ್ಲ.

ಇನ್ನು ಫೋಕಸ್ ಮಾಡುವ ವಿಷಯ. ಹತ್ತನೆಯ ತರಗತಿಯ ಮಕ್ಕಳಿಗೆ ಮಸೂರದ ಸೂತ್ರ ಗೊತ್ತು. ದೂರದ ಬೆಟ್ಟದ ಚಿತ್ರ 105 ಮಿ.ಮೀ. ಹಿಂದೆ ಮೂಡುತ್ತದೆ. ಎರಡು ಮೀಟರ್ ದೂರದಲ್ಲಿ ನಿಂತ ಗೆಳೆಯನ ಚಿತ್ರ ಎಲ್ಲಿ ಮೂಡುತ್ತದೆ? ಲೆಕ್ಕ ಹಾಕಿದರೆ ಸುಮಾರು 110.8 ಮಿ.ಮೀ. ಬರುತ್ತದೆ. ಅಂದರೆ ಬೆಟ್ಟದಿಂದ ಗೆಳೆಯನತ್ತ ಫೋಕಸ್ ಬದಲಿಸಲು ಮಸೂರವನ್ನು 5.8 ಮಿ.ಮೀ. ಮುಂದೆ ತರಬೇಕು. 50 ಮಿ.ಮೀ. ಮಸೂರಕ್ಕಾದರೆ ಇದೇ ಕೆಲಸಕ್ಕೆ 1.3 ಮಿ.ಮೀ. ಸಾಕು. ಸೂತ್ರದಲ್ಲಿ ಅಂಕಿ ತುಂಬಿ ನೀವೇ ಪರೀಕ್ಷಿಸಿ.

ತಿದಿಯ ತುದಿಯಲ್ಲಿ, ತೆಳ್ಳಗಿನ ತೋಳುಗಳ ಮೇಲೆ ನಿಂತಿರುವ ಮಸೂರವನ್ನು ಅಲ್ಲಾಡದಂತೆ ಇಷ್ಟು ದೂರ ಸರಿಸುವುದು ತೊಡಕಿನ ಕೆಲಸ. ಇಕೋಂಟಾದವರು ಇದನ್ನು ಜಾಣತನದಿಂದ ತಪ್ಪಿಸಿಕೊಂಡರು. ಮಸೂರವೆಂದರೆ ಒಂದೇ ಗಾಜಲ್ಲ. ನನ್ನ ಕ್ಯಾಮೆರಾದಲ್ಲಿರುವುದು ‘ಟೆಸ್ಸಾರ್’, ಜೈಸ್ ಕಂಪನಿಯಲ್ಲಿದ್ದ ಪೌಲ್ ರುಡಾಲ್ಫ್ 1902ರಲ್ಲಿ ರೂಪಿಸಿದ್ದು. ನಾಲ್ಕು ಗಾಜುಗಳು, ಹಿಂದಿನ ಎರಡನ್ನು ಅಂಟಿಸಿರುವುದರಿಂದ ಮೂರು ಗುಂಪು. ಇದರಲ್ಲಿ ತೀರಾ ಮುಂದಿನ ಗಾಜನ್ನು ಮಾತ್ರ ತಿರುಪಿನಂತೆ ತಿರುಗಿಸಿದರೆ ಅದಕ್ಕೂ ಎರಡನೆಯ ಗಾಜಿಗೂ ನಡುವಿನ ಅಂತರ ಬದಲಾಗಿ ಇಡೀ ಮಸೂರದ ಸಂಗಮದೂರವೇ ಸ್ವಲ್ಪ ಕಡಿಮೆಯಾಗುತ್ತದೆ. ಮಸೂರ ಇದ್ದಲ್ಲೇ ಇರುತ್ತದೆ, ಫೋಕಸ್ ಮಾತ್ರ ಹತ್ತಿರಕ್ಕೆ ಬರುತ್ತದೆ. ತೀರಾ ಹತ್ತಿರದ ಚಿತ್ರಗಳಲ್ಲಿ ಸ್ಪಷ್ಟತೆ ತುಸು ಕುಂದುವುದೇನೋ ನಿಜ. ಬೆಳಕಿನ ಕಿಂಡಿಯನ್ನು ಕಿರಿದು ಮಾಡಿದರೆ ಆ ಕೊರತೆ ಬಹುಪಾಲು ಮರೆಯಾಗುತ್ತದೆ. ನನಗೆ ಕೇಳಿದರೆ ಇದು ಒಳ್ಳೆಯ ಇಂಜಿನಿಯರನ ಲಕ್ಷಣ, ಎಲ್ಲಿ ಬಿಟ್ಟುಕೊಡಬಹುದೋ ಅಲ್ಲಿ ಮಾತ್ರ ಬಿಟ್ಟುಕೊಟ್ಟಿದ್ದಾನೆ.

ಮಸೂರದ ಸುತ್ತ ಇರುವ ಉಂಗುರವೇ ಶಟರ್. ಹೆಸರು ‘ಕಾಂಪುರ್’, ಮ್ಯೂನಿಕ್‌ನ ಫ್ರೀಡ್ರಿಕ್ ಡೆಕೆಲ್ ಕಾರ್ಖಾನೆಯದು. ಒಳಗೆ ಕೈಗಡಿಯಾರದಂಥ ಹಲ್ಲಿನ ಚಕ್ರಗಳು. ಒಂದು ಸೆಕೆಂಡಿಗೆ ಇಟ್ಟು ಬಿಟ್ಟರೆ ‘ಜ್ಝ್‌ಝ್’ ಎಂದು ಜೀರುಂಡೆಯಂತೆ ಸದ್ದು ಮಾಡುತ್ತ ಮುಚ್ಚಿಕೊಳ್ಳುತ್ತದೆ. ಗ್ಲಾಸು ಯೇನಾದಿಂದ, ಶಟರು ಮ್ಯೂನಿಕ್‌ನಿಂದ, ಒಡಲು ಜೈಸ್ ಇಕಾನ್‌ನದು. ಬ್ಯಾಟರಿ ಎಂಬುದು ಎಲ್ಲೂ ಇಲ್ಲ.

ಕ್ಯಾಮೆರಾದ ಬೆನ್ನ ಮೇಲೆ ಒಂದು ಕೆಂಪು ಕಿಟಕಿ. ಅಗ್ಫಾ ಕ್ಲಿಕ್-3 ಬಳಸಿದ ತಂದೆತಾಯಿಯರಿಗೆ ಈ ಕಿಟಕಿ ನೆನಪಿರಬೇಕು. ರೋಲ್ ಫಿಲಂನ ಬೆನ್ನಿಗೆ ಉದ್ದಕ್ಕೂ ಕಪ್ಪು ಕಾಗದ ಸುತ್ತಿರುತ್ತದೆ, ಅದರ ಮೇಲೆ 1, 2, 3 ಎಂದು ಅಂಕಿ. ಗುಂಡಿ ತಿರುಗಿಸುತ್ತ ಹೋದಂತೆ ಅಂಕಿ ಕಿಟಕಿಯಲ್ಲಿ ಉದಯಿಸುತ್ತದೆ, ಅಲ್ಲಿ ನಿಲ್ಲಿಸಬೇಕು. ‘120’ ಎಂದು ಹೆಸರಾದ ಈ ಫಿಲಂ ಅಳತೆಯನ್ನು ಅಮೆರಿಕದ ಕೊಡಾಕ್ ಕಂಪನಿ ತಂದದ್ದು 1901ರಲ್ಲಿ. 6×9ರ ಚಿತ್ರವಾದರೆ ಒಂದು ಸುರುಳಿಗೆ ಎಂಟೇ. ತೆಗೆದು ಮುಗಿದ ಮೇಲೆ ಫಿಲಂ ಹಿಂದಕ್ಕೆ ಸುತ್ತುವ ತಾಪತ್ರಯವೂ ಇಲ್ಲ. ತುಂಬಿದ ಕಡ್ಡಿಯಿಂದ ಖಾಲಿ ಕಡ್ಡಿಗೆ ಅದು ಹೋಗಿ ಕುಳಿತಿರುತ್ತದೆ. ಖಾಲಿಯಾದ ಕಡ್ಡಿ ಮುಂದಿನ ಸುರುಳಿಗೆ ಬೇಕಾಗುತ್ತದೆ, ಆದ್ದರಿಂದ ಎಸೆಯುವಂತಿಲ್ಲ. ನಮ್ಮ ದೇಶದಲ್ಲೇ ಊಟಿಯ ಹಿಂದೂಸ್ತಾನ್ ಫೋಟೊ ಫಿಲಂಸ್ ಕಾರ್ಖಾನೆ ‘ಇಂದು’ ಎಂಬ ಹೆಸರಿನಲ್ಲಿ ಫಿಲಂ ತಯಾರಿಸುತ್ತಿತ್ತು. ಆ ಕಾರ್ಖಾನೆ ಈಗ ಮುಚ್ಚಿಹೋಗಿದೆ.

ಕಿಟಕಿ ಕೆಂಪೇ ಏಕಿರಬೇಕು? ಹಳೆಯ ಕಾಲದ ಫಿಲಂಗೆ ಕೆಂಪು ಬೆಳಕು ‘ಕಾಣುತ್ತಿರಲಿಲ್ಲ’. ಅದರ ರಾಸಾಯನಿಕ ಲೇಪ ನೀಲಿಗೂ ಹಸಿರಿಗೂ ಸ್ಪಂದಿಸುತ್ತಿತ್ತು, ಕೆಂಪಿಗಲ್ಲ. ಮುಂದೆ ಎಲ್ಲ ಬಣ್ಣಕ್ಕೂ ಸ್ಪಂದಿಸುವ ಫಿಲಂ ಬಂದಾಗ ಕೆಂಪು ಕಿಟಕಿಯ ರಕ್ಷಣೆ ಹೋಯಿತು. ಆಮೇಲೆ ಕಿಟಕಿಗೆ ಸರಿಯುವ ಮುಚ್ಚಳ ಬಂತು.

ಮರುದಿನ ಟ್ರಾಮ್ ಹಿಡಿದು ಪೊಲಾಂಡ್ ಚೌಕದಲ್ಲಿ ಇಳಿದೆವು. ಊರಿನ ಪೂರ್ವಕ್ಕಿರುವ ಸ್ಟ್ರೀಸೆನ್ ಬಡಾವಣೆ ಅದು. ಟ್ರಾಮ್ ಇಳಿಯುತ್ತಲೇ ಒಂದು ಗೋಪುರ ಕಾಣುತ್ತದೆ. ಹೈನ್‌ರಿಕ್ ಎರ್ನೆಮಾನ್ ಎಂಬಾತ 1889ರಲ್ಲಿ ಆರಂಭಿಸಿದ ಕ್ಯಾಮೆರಾ ಉದ್ಯಮ ಬೆಳೆದು 1923ರ ಹೊತ್ತಿಗೆ ಎತ್ತಿದ 48 ಮೀಟರ್ ಎತ್ತರದ ಗೋಪುರ. ಪ್ರಾಕ್ಟಿಕಾ ಕ್ಯಾಮೆರಾ ಬಳಸಿದವರು ಅದರ ಮೈಮೇಲಿದ್ದ ಪುಟ್ಟ ಗೋಪುರದ ಗುರುತನ್ನು ಜ್ಞಾಪಿಸಿಕೊಳ್ಳಲಿ, ಆ ಗುರುತು ಈ ಕಟ್ಟಡದ್ದೇ. ಈಗ ಇಲ್ಲಿ ತಾಂತ್ರಿಕ ವಸ್ತುಸಂಗ್ರಹಾಲಯವಿದೆ. ಶಾಲೆಯ ಮಕ್ಕಳ ಗುಂಪೊಂದು ನಮಗಿಂತ ಮೊದಲೇ ಬಂದು ಗದ್ದಲ ಎಬ್ಬಿಸಿತ್ತು. ಮಕ್ಕಳು ಎಲ್ಲ ದೇಶದಲ್ಲೂ ಒಂದೇ.

1926ರಲ್ಲಿ ಡ್ರೆಸ್ಡೆನ್ನಿನ ಇಕಾ, ಎರ್ನೆಮಾನ್, ಸ್ಟುಟ್‌ಗಾರ್ಟಿನ ಕಾಂಟೆಸಾ-ನೆಟ್ಟೆಲ್, ಬರ್ಲಿನ್ನಿನ ಗ್ಯೋರ್ಜ್ ಎಂಬ ನಾಲ್ಕು ಕಂಪನಿಗಳು ಸೇರಿ ಜೈಸ್ ಇಕಾನ್ ಆಯಿತು. ಇಕೋಂಟಾ ಸರಣಿ ಆರಂಭವಾದದ್ದು 1929ರಲ್ಲಿ. 1934ರಲ್ಲಿ ಅದರ ದೊಡ್ಡಣ್ಣ ‘ಸೂಪರ್ ಇಕೋಂಟಾ’ ಬಂತು. ಅದರ ದೂರಮಾಪಕವಂತೂ ಬೆಳಕಿನ ಪಾಠ ಮಾಡುವವರೆಲ್ಲ ಒಮ್ಮೆ ನೋಡಬೇಕಾದದ್ದು.

ಅದು ಹೀಗೆ. ದೂರ ಅಳೆಯಲು ಎರಡು ಕಿಂಡಿಗಳಿಂದ ಒಂದೇ ವಸ್ತುವನ್ನು ನೋಡುತ್ತಾರೆ, ಎರಡು ಬಿಂಬಗಳು ಒಂದರ ಮೇಲೊಂದು ಕೂಡಿದಾಗ ಫೋಕಸ್ ಸರಿಯಾಯಿತು ಎಂದರ್ಥ. ಆದರೆ ದೂರಮಾಪಕ ಇರುವುದು ಕ್ಯಾಮೆರಾದ ಒಡಲಿನಲ್ಲಿ, ತಿರುಗಬೇಕಾದ ಮಸೂರ ಇರುವುದು ಅಲ್ಲಿಂದ ಹತ್ತು ಸೆಂಟಿಮೀಟರ್ ಮುಂದೆ, ತಿದಿಯ ತುದಿಯಲ್ಲಿ. ಎರಡನ್ನೂ ಸರಪಳಿಯಿಂದಲೋ ಸರಳಿನಿಂದಲೋ ಜೋಡಿಸಿದರೆ ಮಡಚುವುದು ಹೇಗೆ? ಇದಕ್ಕೆ ಅವರು ಕಂಡುಕೊಂಡ ಉತ್ತರ ಎರಡು ತೆಳ್ಳನೆಯ ಗಾಜಿನ ಬೆಣೆಗಳು, ಅಂದರೆ ಬಹಳ ಕಿರಿದಾದ ಕೋನದ ಪಟ್ಟಕಗಳು. ಮಸೂರದ ಪಕ್ಕದ ಪುಟ್ಟ ತೋಳಿನಲ್ಲಿ ಅವು ಒಂದರ ಮುಂದೊಂದು ಇವೆ. ಮಸೂರದ ಉಂಗುರ ತಿರುಗಿಸಿದರೆ ಅವು ಒಂದಕ್ಕೊಂದು ವಿರುದ್ಧ ದಿಕ್ಕಿಗೆ ತಿರುಗುತ್ತವೆ. ಒಂದರ ದಪ್ಪ ಅಂಚಿನ ಮುಂದೆ ಇನ್ನೊಂದರ ತೆಳು ಅಂಚು ಬಂದಾಗ ಎರಡೂ ಸೇರಿ ಬರಿಯ ಚಪ್ಪಟೆ ಗಾಜಿನಂತಾಗಿ ಬೆಳಕು ನೇರ ಹೋಗುತ್ತದೆ. ತಿರುಗಿದಂತೆಲ್ಲ ಬೆಳಕು ಸ್ವಲ್ಪಸ್ವಲ್ಪವೇ ಬಾಗುತ್ತದೆ, ಆದರೆ ಒಂದೇ ಸಮತಲದಲ್ಲಿ. ಮೇಲೆ ಕೆಳಗೆ ಆಗುವ ಬಾಗು ಒಂದನ್ನೊಂದು ರದ್ದು ಮಾಡುತ್ತದೆ. ಹೀಗೆ ಬಾಗಿದ ಬೆಳಕು ಗಾಳಿಯಲ್ಲಿ ಹಾದು ಒಡಲಿನ ಕಿಂಡಿಯನ್ನು ಸೇರುತ್ತದೆ. ಮಸೂರಕ್ಕೂ ಒಡಲಿಗೂ ಇರುವ ಕೊಂಡಿ ಬೆಳಕು ಮಾತ್ರ! ಕಣ್ಣಿನ ವೈದ್ಯರು ದೃಷ್ಟಿ ಪರೀಕ್ಷೆಗೆ ಬಳಸುವ ತಿರುಗುವ ಪಟ್ಟಕಗಳಲ್ಲೂ ಇದೇ ತತ್ತ್ವವಿದೆ.

ಇಷ್ಟು ನಾಜೂಕಿನ ಕೆಲಸ ಮಾಡಿದ ಸಂಸ್ಥೆಯನ್ನು ಕಟ್ಟಿದವರಲ್ಲಿ ಮುಖ್ಯನಾದವನು ಇಮಾನ್ಯುಯೆಲ್ ಗೋಲ್ಡ್‌ಬರ್ಗ್. 1881ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಯಹೂದಿ. ಲೈಪ್‌ಜಿಗ್‌ನಲ್ಲಿ ಪ್ರಾಧ್ಯಾಪಕನಾಗಿದ್ದು 1917ರಲ್ಲಿ ಡ್ರೆಸ್ಡೆನ್ನಿಗೆ ಬಂದ, ಜೈಸ್ ಇಕಾನ್ ಹುಟ್ಟಿದಾಗ ಅದರ ಮುಖ್ಯಸ್ಥನಾದ. ಪುಟ ಗಾತ್ರದ ಬರಹವನ್ನು ಚುಕ್ಕೆಯಷ್ಟಕ್ಕೆ ಕಿರಿದಾಗಿಸಿ ಫೋಟೊ ತೆಗೆಯುವ ವಿಧಾನವನ್ನು 1925ರಲ್ಲಿ ತೋರಿಸಿದವನು ಅವನು. ಫಿಲಂ ಮೇಲೆ ದಾಖಲಿಸಿದ ಸಾವಿರಾರು ಕಾಗದಪತ್ರಗಳಲ್ಲಿ ಬೇಕಾದ್ದನ್ನು ಬೆಳಕಿನ ಸಹಾಯದಿಂದ ಹುಡುಕಿ ಕೊಡುವ ಯಂತ್ರವೊಂದನ್ನೂ ರೂಪಿಸಿದ, ಅದಕ್ಕೆ 1931ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. ಕಂಪ್ಯೂಟರಿನಲ್ಲಿ ಕ್ಷಣಾರ್ಧದಲ್ಲಿ ಮಾಹಿತಿ ಹುಡುಕುವ ಇಂದಿನ ಮಕ್ಕಳು ಈ ಹೆಸರನ್ನು ಕೇಳಿರುವುದಿಲ್ಲ. ನಾನೂ ಅಲ್ಲಿಗೆ ಹೋಗುವ ಮುನ್ನ ಕೇಳಿರಲಿಲ್ಲ.

ಕೇಳದಿರಲು ಕಾರಣವುಂಟು. 1933ರ ಏಪ್ರಿಲ್‌ನಲ್ಲಿ, ಹಿಟ್ಲರ್ ಅಧಿಕಾರಕ್ಕೆ ಬಂದ ಎರಡೇ ತಿಂಗಳಿಗೆ, ನಾಜಿ ಪಡೆಯವರು ಗೋಲ್ಡ್‌ಬರ್ಗ್‌ನನ್ನು ಅವನ ಕಚೇರಿಯಿಂದಲೇ ಎಳೆದೊಯ್ದರು. ಕೆಲವು ದಿನಗಳ ಮೇಲೆ ಬಿಟ್ಟರು. ಅವನು ಹುದ್ದೆ ತೊರೆದು ಪ್ಯಾರಿಸ್‌ಗೆ ಹೋದ, 1937ರಲ್ಲಿ ಪ್ಯಾಲೆಸ್ಟೈನ್‌ಗೆ ತೆರಳಿ ಮತ್ತೆ ಮೊದಲಿನಿಂದ ಒಂದು ಪ್ರಯೋಗಶಾಲೆ ಕಟ್ಟಿದ. 1970ರಲ್ಲಿ ತೀರಿಕೊಂಡ. ಜಗತ್ತು ಮೆಚ್ಚಿದ ಸೂಪರ್ ಇಕೋಂಟಾ ಮಾರುಕಟ್ಟೆಗೆ ಬಂದದ್ದು ಅವನನ್ನು ಹೊರಹಾಕಿದ ಮರುವರ್ಷ.

ಮುಂದಿನದು ಇನ್ನೂ ಕಠೋರ. ಯುದ್ಧದ ಕಾಲದಲ್ಲಿ ಇದೇ ಕಂಪನಿಯ ಗ್ಯೋಲೆ ಕಾರ್ಖಾನೆಯಲ್ಲಿ ಡ್ರೆಸ್ಡೆನ್ನಿನ ಯಹೂದಿಗಳನ್ನು ಬಲವಂತದ ದುಡಿಮೆಗೆ ಹಚ್ಚಿದರು. 1942ರ ನವೆಂಬರಿನಲ್ಲಿ ಸುಮಾರು 300 ಮಂದಿಯನ್ನು ಮನೆಗಳಿಂದ ಹೊರಡಿಸಿ ಹೆಲ್ಲರ್‌ಬೆರ್ಗ್ ಎಂಬಲ್ಲಿನ ಶಿಬಿರಕ್ಕೆ ತುಂಬಿದರು. 1943ರ ಮಾರ್ಚ್‌ನಲ್ಲಿ ಅಲ್ಲಿಂದ ಔಷ್‌ವಿಟ್ಜ್‌ಗೆ ಸಾಗಿಸಿದರು. ಮಗಳು ಇದನ್ನು ಹೇಳುವಾಗ ನನ್ನ ಕೈಚೀಲದಲ್ಲಿ ಆ ಕ್ಯಾಮೆರಾ ಇತ್ತು. ಹಲ್ಲಿನ ಚಕ್ರ ಕೂಡಿಸಲು ಪಳಗಿದ ಕಾರ್ಖಾನೆಗಳಲ್ಲಿ ಆಗ ತಯಾರಾಗುತ್ತಿದ್ದದ್ದು ಸ್ಫೋಟಕಗಳ ಕಾಲಮಾಪಕ.

1945ರ ಫೆಬ್ರವರಿ 13ರ ರಾತ್ರಿ ಬ್ರಿಟಿಷ್ ವಿಮಾನಗಳು, ಮರುದಿನ ಅಮೆರಿಕದ ವಿಮಾನಗಳು ಡ್ರೆಸ್ಡೆನ್ ಮೇಲೆ ಬಾಂಬು ಸುರಿದವು. ನಡು ಊರು ಸುಟ್ಟು ಬೂದಿಯಾಯಿತು. ಸತ್ತವರು 25,000ದವರೆಗೆ ಎಂದು ಇತಿಹಾಸಕಾರರ ಸಮಿತಿ 2010ರಲ್ಲಿ ಲೆಕ್ಕ ಕೊಟ್ಟಿತು. ಎರ್ನೆಮಾನ್ ಗೋಪುರ ಉಳಿಯಿತು.

ಇಲ್ಲಿಗೆ ಮುದುಕಪ್ಪನ ಮೇಜಿನ ಮೇಲಿದ್ದ ಆ ಅಕ್ಕತಂಗಿ ಕ್ಯಾಮೆರಾಗಳ ಗುಟ್ಟು ಬಿಡಿಸಬಹುದು. ಯುದ್ಧ ಮುಗಿದಾಗ ಜರ್ಮನಿ ಒಡೆಯಿತು, ಅದರ ಜೊತೆ ಜೈಸ್ ಇಕಾನ್ ಕೂಡ ಒಡೆಯಿತು. ಸ್ಟುಟ್‌ಗಾರ್ಟಿನ ಕಾರ್ಖಾನೆ ಪಶ್ಚಿಮಕ್ಕೆ, ಡ್ರೆಸ್ಡೆನ್ ಪೂರ್ವಕ್ಕೆ. ಪಶ್ಚಿಮದಲ್ಲಿ ಅದೇ ಕ್ಯಾಮೆರಾ ‘ಇಕೋಂಟಾ’ ಆಗಿಯೇ ಉಳಿಯಿತು, ಪೂರ್ವದಲ್ಲಿ ತಯಾರಾದದ್ದಕ್ಕೆ ‘ಎರ್ಕೋನಾ’ ಎಂಬ ಹೊಸ ಹೆಸರು ಬಂತು. ಮನೆ ಪಾಲಾದಾಗ ಒಬ್ಬ ಮಗನಿಗೆ ಮನೆತನದ ಹೆಸರು, ಇನ್ನೊಬ್ಬನಿಗೆ ಹೊಲ ಸಿಕ್ಕಿದಂತೆ! ಮೂರನೆಯ ಪಾಲೂ ಒಂದುಂಟು. ಯುದ್ಧ ಪರಿಹಾರವೆಂದು ಸೋವಿಯತ್ ಒಕ್ಕೂಟ ಡ್ರೆಸ್ಡೆನ್ನಿನ ಯಂತ್ರೋಪಕರಣಗಳನ್ನು ಸಾಗಿಸಿಕೊಂಡು ಹೋಯಿತು. 1946ರಿಂದ ಮಾಸ್ಕೋ ಬಳಿಯ ಕ್ರಾಸ್ನೊಗೋರ್ಸ್ಕ್ ಕಾರ್ಖಾನೆಯಲ್ಲಿ ‘ಮಾಸ್ಕ್ವಾ’ ಎಂಬ ಮಡಚುವ ಕ್ಯಾಮೆರಾ ಹುಟ್ಟಿತು. ಮುಂದಿನ ಮಾದರಿಗಳಲ್ಲಿ ಸೂಪರ್ ಇಕೋಂಟಾದ ಆ ತಿರುಗುವ ಬೆಣೆಗಳೂ ಇದ್ದವು. ಕೊನೆಯದಾದ ಮಾಸ್ಕ್ವಾ-5 ಬಂದದ್ದು 1956ರಲ್ಲಿ.

ಅಷ್ಟರಲ್ಲಿ ಜಗತ್ತು 35 ಮಿ.ಮೀ. ಕ್ಯಾಮೆರಾಗಳತ್ತ ತಿರುಗಿತ್ತು. ಅದರ ಮಸೂರ ಫಿಲಂನಿಂದ ಐದು ಸೆಂಟಿಮೀಟರ್ ದೂರವಿದ್ದರೆ ಸಾಕಾದ್ದರಿಂದ ಮಡಚುವ ಅಗತ್ಯವೇ ಹೊರಟುಹೋಯಿತು. ಪಶ್ಚಿಮದ ಜೈಸ್ ಇಕಾನ್ 1972ರಲ್ಲಿ ಕ್ಯಾಮೆರಾ ತಯಾರಿಕೆಯನ್ನು ನಿಲ್ಲಿಸಿತು. ಪೂರ್ವದ ಕಾರ್ಖಾನೆ ‘ಪೆಂಟಾಕಾನ್’ ಹೆಸರಿನಲ್ಲಿ ಮುಂದುವರಿದು, 1990ರಲ್ಲಿ ಜರ್ಮನಿ ಒಂದಾದಾಗ ಬಾಗಿಲು ಹಾಕುವ ಸರದಿ ಅದರದಾಯಿತು. ಆ ಸಂತೆಯ ಮೇಜುಗಳಲ್ಲಿ ಇಷ್ಟೊಂದು ಕ್ಯಾಮೆರಾಗಳು ಇರುವುದಕ್ಕೆ ಅದೂ ಒಂದು ಕಾರಣವಿರಬಹುದೆಂದು ನನ್ನ ಊಹೆ.

120 ಅಳತೆಯ ಫಿಲಂ ಇಂದಿಗೂ ತಯಾರಾಗುತ್ತದೆ, ದೊಡ್ಡ ಊರುಗಳಲ್ಲಿ ತರಿಸಿಕೊಡುವವರಿದ್ದಾರೆ. ಎಂಟು ಚಿತ್ರಕ್ಕೆ ಅಷ್ಟು ಬೆಲೆ ಕೊಡುವುದು ನಮ್ಮ ಶಾಲೆಯ ಪ್ರಯೋಗಶಾಲೆಗೆ ಆಗದ ಮಾತು. ಆದರೆ ಫಿಲಂ ಇಲ್ಲದೆಯೂ ಈ ಕ್ಯಾಮೆರಾ ಪಾಠ ಮಾಡುತ್ತದೆ. ಯಾರ ಮನೆಯ ಅಟ್ಟದಲ್ಲಾದರೂ ಇಂಥದ್ದೊಂದು ಬಿದ್ದಿದ್ದರೆ ಮೊದಲು ತಿದಿಯನ್ನು ಪರೀಕ್ಷಿಸಿ. ಕತ್ತಲೆ ಕೋಣೆಯಲ್ಲಿ ಹಿಂಬಾಗಿಲು ತೆರೆದು ಒಳಗೆ ಸಣ್ಣ ಟಾರ್ಚ್ ಹೊತ್ತಿಸಿ ಹೊರಗಿನಿಂದ ನೋಡಿದರೆ ಮಡಿಕೆಗಳ ಮೂಲೆಯಲ್ಲಿ ತೂತಿದ್ದಲ್ಲಿ ನಕ್ಷತ್ರದಂತೆ ಮಿನುಗುತ್ತದೆ. ಆಮೇಲೆ ಫಿಲಂ ಕೂರುವ ಜಾಗಕ್ಕೆ ಬಟರ್ ಪೇಪರಿನ ತುಂಡನ್ನು ಬಿಗಿಯಾಗಿ ಅಂಟಿಸಿ, ಶಟರನ್ನು ‘ಬಿ’ ಎಂಬಲ್ಲಿಟ್ಟು ಒತ್ತಿ ಹಿಡಿದು, ಕಿಟಕಿಯ ಕಡೆಗೆ ತಿರುಗಿಸಿ, ತಲೆಯ ಮೇಲೆ ಕಪ್ಪು ಬಟ್ಟೆ ಹೊದ್ದು ನೋಡಿ. ಹೊರಗಿನ ತೆಂಗಿನ ಮರ ತಲೆಕೆಳಗಾಗಿ, ಬಣ್ಣಬಣ್ಣವಾಗಿ, ಗರಿ ಅಲ್ಲಾಡಿಸುತ್ತ ಕಾಗದದ ಮೇಲೆ ನಿಂತಿರುತ್ತದೆ. ನಮ್ಮ ಎಂಟನೆಯ ತರಗತಿಯವರು ಇದನ್ನು ನೋಡಲು ಸಾಲು ನಿಂತರು. ಒಬ್ಬ ಹುಡುಗ ಸ್ಕೇಲು ತಂದು ಕಾಗದದಿಂದ ಮಸೂರದವರೆಗೆ ಅಳೆದು, “ಸಾರ್, ಹತ್ತೂವರೆ ಸೆಂಟಿಮೀಟರ್ ಸರಿಯಾಗಿದೆ” ಎಂದ.